ನೂರರ ಕಾರು ನಿಂತಾಗ ನೂರಾ ಮೂವತ್ತರ ಕಾರು ಏನು ಮಾಡುತ್ತಿರುತ್ತದೆ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸ್ಪೀಡು ಹಿಡಿಯುವ ಕ್ಯಾಮೆರಾಗಳು ಬಂದ ಮೇಲೆ ನಮ್ಮ ಮನೆಯ ಹಬ್ಬದೂಟದ ಮಾತಿಗೆ ಹೊಸದೊಂದು ವಿಷಯ ಸೇರಿಕೊಂಡಿದೆ. ರಸ್ತೆ ಅಷ್ಟು ಚೆನ್ನಾಗಿದೆ, ಕಾರಿಗೂ ತಾಕತ್ತಿದೆ, ಮತ್ಯಾಕೆ ಗಂಟೆಗೆ 100 ಕಿ.ಮೀ. ಮಿತಿ? 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಮೀರಿದರೆ ಬರೀ ದಂಡವಲ್ಲ, ಎಫ್‌ಐಆರ್ ಕೂಡ ಹಾಕುತ್ತೇವೆ ಎಂದು ಪೊಲೀಸರು ಹೇಳಿದಾಗಲಂತೂ ನಮ್ಮ ಭಾವನಿಗೆ ಸಿಟ್ಟೇ ಬಂದಿತ್ತು. "30 ಜಾಸ್ತಿ ಹೋದರೆ ಅಂಥದ್ದೇನಾಗುತ್ತೆ?" ಎಂದು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಕಾನೂನಿನ ಪುಸ್ತಕಕ್ಕಿಂತ ಎಂಟು-ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಚೆನ್ನಾಗಿ ಸಿಗುತ್ತದೆ. ಬಲ, ಸಂವೇಗ, ಶಕ್ತಿ ಎಂಬ ಮೂರು ಮಾತು ಗೊತ್ತಾದರೆ ಸಾಕು. ಪರೀಕ್ಷೆ ಮುಗಿದ ದಿನವೇ ನಮ್ಮಲ್ಲಿ ಬಹಳ ಜನ ಅವನ್ನು ಮರೆತಿದ್ದೇವೆ, ಅಲ್ವಾ? ಮೊದಲಿನಿಂದಲೇ ಬರೋಣ.

ಬಸ್ಸು ಗಕ್ಕನೆ ನಿಂತಾಗ

ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೀರಿ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತುತ್ತಾನೆ. ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನಿಂದ ಯಾರೋ ನೂಕಿದ ಹಾಗೆ ಅನ್ನಿಸುತ್ತದೆ. ಆದರೆ ಯಾರೂ ನೂಕಿರುವುದಿಲ್ಲ. ಬ್ರೇಕ್ ಹಿಡಿದದ್ದು ಬಸ್ಸಿನ ಚಕ್ರವನ್ನು, ನಿಮ್ಮನ್ನಲ್ಲ. ಬಸ್ಸು ನಿಧಾನವಾಯಿತು, ನೀವು ಮಾತ್ರ ಹಿಂದಿನ ವೇಗದಲ್ಲೇ ಮುಂದುವರಿದಿರಿ, ಅಷ್ಟೇ.

ಓಡುತ್ತಿರುವ ವಸ್ತು ಓಡುತ್ತಲೇ ಇರಲು ನೋಡುತ್ತದೆ, ನಿಂತದ್ದು ನಿಂತೇ ಇರಲು ನೋಡುತ್ತದೆ. ಈ ಹಟಕ್ಕೆ ಜಡತ್ವ ಎಂದು ಹೆಸರು. ನ್ಯೂಟನ್ 1687ರಲ್ಲಿ ಬರೆದಿಟ್ಟ ಮೂರು ನಿಯಮಗಳಲ್ಲಿ ಮೊದಲನೆಯದು ಇದೇ.

ಇದನ್ನು ನಮ್ಮ ಅನುಭವ ಸುಲಭವಾಗಿ ಒಪ್ಪುವುದಿಲ್ಲ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ, ತುಳಿಯುವುದು ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಹಾಗಾಗಿ ಓಡುವುದಕ್ಕೆ ಯಾವಾಗಲೂ ಯಾರಾದರೂ ತಳ್ಳುತ್ತಿರಲೇಬೇಕು ಅನ್ನಿಸುತ್ತದೆ. ಕೇರಂ ಬೋರ್ಡ್ ನೆನಪು ಮಾಡಿಕೊಳ್ಳಿ. ಪೌಡರ್ ಇಲ್ಲದ ಬೋರ್ಡಿನಲ್ಲಿ ಸ್ಟ್ರೈಕರ್ ಅರ್ಧಕ್ಕೇ ನಿಲ್ಲುತ್ತದೆ. ಪೌಡರ್ ಹಾಕಿದರೆ ಅದೇ ಹೊಡೆತಕ್ಕೆ ಎರಡು ಅಂಚು ಬಡಿದು ವಾಪಸ್ ಬರುತ್ತದೆ. ಅದು ತನ್ನಷ್ಟಕ್ಕೆ ನಿಲ್ಲುತ್ತಿರಲಿಲ್ಲ, ಮರದ ಘರ್ಷಣೆ ಅದನ್ನು ನಿಲ್ಲಿಸುತ್ತಿತ್ತು.

ಹೀಗೆ ಒಂದು ವಸ್ತುವಿನ ವೇಗವನ್ನೋ ದಿಕ್ಕನ್ನೋ ಬದಲಿಸುವ ತಳ್ಳಾಟ, ಎಳೆದಾಟಕ್ಕೆ ಬಲ ಎನ್ನುತ್ತಾರೆ. ದಿನದ ಮಾತಿನಲ್ಲಿ ನಾವು ಬಲ, ಶಕ್ತಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. "ಅವನಿಗೆ ಬಲ ಜಾಸ್ತಿ" ಎಂದರೂ "ಶಕ್ತಿ ಜಾಸ್ತಿ" ಎಂದರೂ ನಮಗೆ ಒಂದೇ. ಭೌತವಿಜ್ಞಾನದಲ್ಲಿ ಇವು ಬೇರೆ ಬೇರೆ. ಗೊಂದಲ ಶುರುವಾಗುವುದೇ ಇಲ್ಲಿ.

ರಭಸಕ್ಕೊಂದು ಲೆಕ್ಕ

ಓಡುವ ವಸ್ತುವನ್ನು ನಿಲ್ಲಿಸುವುದು ಎಷ್ಟು ಕಷ್ಟ? ಎರಡು ಸಂಗತಿ ಮುಖ್ಯ: ಅದು ಎಷ್ಟು ಭಾರ, ಎಷ್ಟು ವೇಗ. ಎರಡನ್ನೂ ಗುಣಿಸಿದರೆ ಬರುವುದೇ ಸಂವೇಗ. "ಏನು ರಭಸವಾಗಿ ಬಂದು ಗುದ್ದಿತು ಮಾರಾಯ" ಎನ್ನುತ್ತೇವಲ್ಲ, ಆ ರಭಸಕ್ಕೆ ಇದು ಹತ್ತಿರದ ಮಾತು.

ಒಂದು ಹೋಲಿಕೆ ನೋಡೋಣ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ ತೂಗುತ್ತದೆ. ವೇಗದ ಬೌಲರ್ ಅದನ್ನು ಗಂಟೆಗೆ 140 ಕಿ.ಮೀ.ನಲ್ಲಿ ಎಸೆದ ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ತೂಕವನ್ನು ಕೆ.ಜಿ.ಯಲ್ಲಿ ಹಿಡಿದು ಗುಣಿಸಿದರೆ ಅದರ ಸಂವೇಗ 6 ಚಿಲ್ಲರೆ. ಇನ್ನೊಂದು ಕಡೆ, ಸವಾರನೂ ಸೇರಿ 80 ಕೆ.ಜಿ. ಇರುವ ಸೈಕಲ್ ನಡಿಗೆಗಿಂತ ನಿಧಾನವಾಗಿ, ಸೆಕೆಂಡಿಗೆ ಒಂದೇ ಮೀಟರ್‌ನಂತೆ ಉರುಳುತ್ತಿದೆ. ಅದರ ಸಂವೇಗ 80. ಚೆಂಡಿನ ಸುಮಾರು ಹದಿಮೂರು ಪಟ್ಟು!

ಹಾಗಾದರೆ ಸೈಕಲ್ ತಾಗಿದರೆ ಚೆಂಡಿಗಿಂತ ಹದಿಮೂರು ಪಟ್ಟು ಪೆಟ್ಟಾಗಬೇಕಿತ್ತು. ಆದರೆ ನಿಧಾನದ ಸೈಕಲ್ಲನ್ನು ಹ್ಯಾಂಡಲ್ ಹಿಡಿದು ಯಾರು ಬೇಕಾದರೂ ನಿಲ್ಲಿಸುತ್ತಾರೆ. ಆ ಚೆಂಡು ಪಕ್ಕೆಗೆ ಬಿದ್ದರೆ ಮೂಳೆ ಮುರಿಯಬಹುದು. ಅಂದರೆ ಪೆಟ್ಟಿನ ಕಥೆಯನ್ನು ಸಂವೇಗವೊಂದೇ ಪೂರ್ತಿ ಹೇಳುವುದಿಲ್ಲ.

ಇಲ್ಲಿಗೆ ಬರುತ್ತದೆ ಚಲನಶಕ್ತಿ. ಓಡುವ ವಸ್ತುವಿನಲ್ಲಿ ತುಂಬಿಕೊಂಡಿರುವ ಕೆಲಸ ಮಾಡುವ ಸಾಮರ್ಥ್ಯ ಇದು. ಬಗ್ಗಿಸುವುದು, ಮುರಿಯುವುದು, ಬಿಸಿ ಮಾಡುವುದು ಎಲ್ಲ ಈ ಖಾತೆಯಿಂದಲೇ ಖರ್ಚು. ಇದರ ಲೆಕ್ಕದಲ್ಲಿ ವೇಗವನ್ನು ಒಂದು ಸಲವಲ್ಲ, ಎರಡು ಸಲ ಗುಣಿಸಬೇಕು: ತೂಕ, ಗುಣಿಸು ವೇಗ, ಮತ್ತೆ ಗುಣಿಸು ವೇಗ, ಅದರಲ್ಲಿ ಅರ್ಧ. ಈ ಲೆಕ್ಕದಲ್ಲಿ ಸೈಕಲ್ಲಿಗೆ ಸಿಗುವುದು ಬರೀ 40 ಜೌಲ್, ಚೆಂಡಿಗೆ 120 ಜೌಲ್. ಜೌಲ್ ಎಂದರೆ ಶಕ್ತಿಯನ್ನು ಅಳೆಯುವ ಮಾನ, ಹಾಲನ್ನು ಲೀಟರಿನಲ್ಲಿ ಅಳೆದ ಹಾಗೆ.

ಎರಡರ ವ್ಯತ್ಯಾಸ ನೆನಪಿಡಲು ಒಂದು ಸುಲಭ ದಾರಿಯಿದೆ. ಇಂತಿಷ್ಟು ಬಲದಿಂದ ಎಷ್ಟು *ಹೊತ್ತು* ಹಿಡಿದೆಳೆದರೆ ವಸ್ತು ನಿಲ್ಲುತ್ತದೆ ಎನ್ನುವುದನ್ನು ಸಂವೇಗ ಹೇಳುತ್ತದೆ. ಎಷ್ಟು *ದೂರ* ಎಳೆದರೆ ನಿಲ್ಲುತ್ತದೆ ಎನ್ನುವುದನ್ನು ಚಲನಶಕ್ತಿ ಹೇಳುತ್ತದೆ. ರಸ್ತೆಯಲ್ಲಿ ನಮ್ಮ ಮುಂದೆ ಇರುವುದು ದೂರ ತಾನೇ? ಅದಕ್ಕೇ ಹೆದ್ದಾರಿಯ ಲೆಕ್ಕದಲ್ಲಿ ಚಲನಶಕ್ತಿಯದ್ದೇ ದರ್ಬಾರು.

ಜೇಡಿಮಣ್ಣಿನಲ್ಲಿ ಬಿದ್ದ ಗುಂಡು

ವೇಗವನ್ನು ಎರಡು ಸಲ ಗುಣಿಸಬೇಕು ಎಂದು ಯಾರು ಹೇಳಿದರು? ಇದರ ಬಗ್ಗೆ ಯುರೋಪಿನಲ್ಲಿ ದಶಕಗಳ ಕಾಲ ಜಗಳವೇ ನಡೆದಿತ್ತು. ಚಲನೆಯ ನಿಜವಾದ ಅಳತೆ ತೂಕ ಗುಣಿಸು ವೇಗ ಎಂದು ಒಂದು ಬಣ. ಅಲ್ಲ, ವೇಗ ಎರಡು ಸಲ ಬರಬೇಕು ಎಂದು ಜರ್ಮನಿಯ ಲೈಬ್ನಿಟ್ಸ್ ಮತ್ತು ಅವನ ಕಡೆಯವರು.

1720ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಸ್‌ಗ್ರಾವೆಸಾಂಡೆ ಎಂಬ ವಿಜ್ಞಾನಿ ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡುಗಳನ್ನು ಬೀಳಿಸಿ ನೋಡಿದ. ವೇಗ ಎರಡು ಪಟ್ಟಾದಾಗ ಗುಂಡು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ವೇಗ ಮೂರು ಪಟ್ಟಾದರೆ ಆಳ ಒಂಬತ್ತು ಪಟ್ಟು. ಇದರ ಮಹತ್ವವನ್ನು ಎತ್ತಿ ಹಿಡಿದವಳು ಫ್ರಾನ್ಸಿನ ಎಮಿಲಿ ದು ಶಾತ್ಲೆ. ನ್ಯೂಟನ್ನನ ಮುಖ್ಯ ಗ್ರಂಥವನ್ನು ಫ್ರೆಂಚಿಗೆ ತಂದವಳೂ ಅವಳೇ. ಆದರೂ ಈ ವಿಷಯದಲ್ಲಿ ಲೈಬ್ನಿಟ್ಸ್ ಪರ ನಿಂತಳು. ಅವಳ ಹೆಸರು ನಮ್ಮ ಶಾಲೆಯಲ್ಲಿ ಯಾರೂ ಹೇಳಿದ ನೆನಪಿಲ್ಲ ನನಗೆ.

ಕೊನೆಗೆ ಎರಡೂ ಬಣ ಒಂದು ರೀತಿಯಲ್ಲಿ ಸರಿಯೇ. ಒಬ್ಬರು ಹೊತ್ತಿನ ಲೆಕ್ಕ ಹಾಕುತ್ತಿದ್ದರು, ಇನ್ನೊಬ್ಬರು ದೂರದ ಲೆಕ್ಕ.

ಜೇಡಿಮಣ್ಣಿನ ಬದಲು ಕಟ್ಟಡವನ್ನೂ ಇಟ್ಟುಕೊಳ್ಳಬಹುದು. ಗಂಟೆಗೆ 50 ಕಿ.ಮೀ.ನಲ್ಲಿ ಗೋಡೆಗೆ ಗುದ್ದುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿ ಮೇಲಿಂದ ಬಿದ್ದಂತೆ. 100 ಕಿ.ಮೀ. ಆದರೆ ಆರು ಮಹಡಿ ಅಲ್ಲ. ಸುಮಾರು 39 ಮೀಟರ್, ಹದಿಮೂರು ಮಹಡಿ.

84 ಮೀಟರ್

ಈಗ ಭಾವನ ಪ್ರಶ್ನೆಗೆ ಬರೋಣ. ಒಂದೇ ಥರದ ಎರಡು ಕಾರು, ಅಕ್ಕಪಕ್ಕದ ಲೇನಿನಲ್ಲಿವೆ. ಒಂದು 100ರಲ್ಲಿ, ಇನ್ನೊಂದು 130ರಲ್ಲಿ. ಎರಡೂ ಸರಿಯಾಗಿ ಒಂದೇ ಸಾಲಿಗೆ ಬಂದ ಗಳಿಗೆಯಲ್ಲಿ ದೂರದಲ್ಲಿ ಲಾರಿಯೊಂದು ಅಡ್ಡ ನಿಂತದ್ದು ಇಬ್ಬರಿಗೂ ಕಾಣಿಸುತ್ತದೆ. ಇಬ್ಬರೂ ಒಂದು ಸೆಕೆಂಡಿನ ನಂತರ ಬ್ರೇಕ್ ಒತ್ತುತ್ತಾರೆ. ರಸ್ತೆ ಒಣಗಿದೆ, ಟೈರು ಚೆನ್ನಾಗಿದೆ. ಟೈರಿಗೂ ರಸ್ತೆಗೂ ನಡುವಿನ ಹಿಡಿತ ಕಾರಿನ ತೂಕದ 70 ಶೇಕಡಾದಷ್ಟು ಎಂದು ಹಿಡಿಯೋಣ.

100ರ ಕಾರು ಆ ಮೊದಲ ಸೆಕೆಂಡಿನಲ್ಲೇ 28 ಮೀಟರ್ ಹೋಗಿರುತ್ತದೆ. ಆಗಿನ್ನೂ ಬ್ರೇಕ್ ಹಿಡಿದೇ ಇಲ್ಲ! ಆಮೇಲೆ 56 ಮೀಟರ್ ಜಾರಿ ನಿಲ್ಲುತ್ತದೆ. ಒಟ್ಟು 84 ಮೀಟರ್. ಲಾರಿ ಸರಿಯಾಗಿ ಅಲ್ಲೇ ಇತ್ತು ಎನ್ನಿ. ಬಂಪರ್ ಲಾರಿಗೆ ಮುತ್ತಿಡುವಷ್ಟು ಹತ್ತಿರ ಬಂದು ಕಾರು ನಿಂತಿತು. ಎದೆ ಡವಡವ, ಅಷ್ಟೇ.

130ರ ಕಾರು ಮೊದಲ ಸೆಕೆಂಡಿನಲ್ಲಿ 36 ಮೀಟರ್ ತಿಂದಿತು. ಉಳಿದದ್ದು 48 ಮೀಟರ್. ಪೂರ್ತಿ ನಿಲ್ಲಲು ಅದಕ್ಕೆ 95 ಮೀಟರ್ ಬೇಕು. ಹಾಗಾದರೆ 84ನೇ ಮೀಟರಿನಲ್ಲಿ, ಪಕ್ಕದ ಕಾರು ನಿಂತೇ ಬಿಟ್ಟಿರುವ ಜಾಗದಲ್ಲಿ, ಇದರ ವೇಗ ಎಷ್ಟಿರಬಹುದು? 30 ತಾನೇ ಹೆಚ್ಚು, ಹಾಗಾಗಿ 30 ಇರಬಹುದು ಎಂದರು ಭಾವ. ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ.

ಲೆಕ್ಕ ಹಾಕಿದರೆ ಬರುವುದು ಗಂಟೆಗೆ ಸುಮಾರು 90 ಕಿ.ಮೀ.

ಕಾರಣ ಆ ಎರಡು ಸಲದ ಗುಣಾಕಾರ. 130ರಲ್ಲಿರುವ ಚಲನಶಕ್ತಿ 100ರದ್ದಕ್ಕಿಂತ 69 ಶೇಕಡಾ ಜಾಸ್ತಿ. ಬ್ರೇಕ್ ಪ್ರತಿ ಮೀಟರಿಗೂ ತೆಗೆಯುವ ಶಕ್ತಿ ಮಾತ್ರ ಎರಡೂ ಕಾರಿಗೆ ಒಂದೇ. ಜೊತೆಗೆ ವೇಗದ ಕಾರು ಬ್ರೇಕ್ ಶುರುವಾಗುವ ಮೊದಲೇ 8 ಮೀಟರ್ ಹೆಚ್ಚು ಕಳೆದುಕೊಂಡಿತ್ತು. ಬ್ರೇಕಿನ ದೂರದಲ್ಲಿ ವೇಗ ಒಂದೇ ಸಮನೆ ಇಳಿಯುವುದೂ ಇಲ್ಲ. ಶುರುವಿನ ಮೀಟರುಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿದು, ಕೊನೆಯ ಕೆಲವು ಮೀಟರುಗಳಲ್ಲಿ ದಡದಡನೆ ಇಳಿಯುತ್ತದೆ. ನಮಗೆ ಕೈಕೊಡುವುದು ಆ ಕೊನೆಯ ಮೀಟರುಗಳೇ.

ಮಳೆ ಬಿದ್ದು ಹಿಡಿತ ಅರ್ಧಕ್ಕಿಳಿದರೆ ಬ್ರೇಕಿನ ದೂರ ನೇರವಾಗಿ ಎರಡು ಪಟ್ಟು. ಫೋನ್ ನೋಡುತ್ತಿದ್ದು ಎರಡು ಸೆಕೆಂಡ್ ತಡವಾದರೆ ಅದರ ಬೆಲೆ ಬೇರೆ.

ಇಷ್ಟಕ್ಕೆ ಉಳಿಯುವ ಸಮಯವಾದರೂ ಎಷ್ಟು? ಹೆದ್ದಾರಿಯ ಉದ್ದ ಸುಮಾರು 119 ಕಿ.ಮೀ. ಉದ್ದಕ್ಕೂ 130ರಲ್ಲೇ ಹೋದರೂ 100ರಲ್ಲಿ ಹೋದವನಿಗಿಂತ ಹದಿನಾರು ನಿಮಿಷ ಮೊದಲು ಮುಟ್ಟಬಹುದು. ಒಂದು ಮದ್ದೂರು ವಡೆ, ಒಂದು ಕಾಫಿ.

"ಈಗಿನ ಕಾರೆಲ್ಲ ಬರೀ ತಗಡು"

ಭಾವನ ಎರಡನೇ ಅಸ್ತ್ರ ಇದು. ಅವರಪ್ಪನ ಹತ್ತಿರ ಅಂಬಾಸಿಡರ್ ಇತ್ತು. ಗೇಟಿಗೆ ಗುದ್ದಿದರೆ ಗೇಟೇ ಬಗ್ಗುತ್ತಿತ್ತಂತೆ. ಈಗಿನ ಕಾರು ಸ್ವಲ್ಪ ತಾಗಿದರೂ ಮೂತಿ ಅಪ್ಪಚ್ಚಿ. ಹಾಗಾದರೆ ಹಳೆಯದೇ ಗಟ್ಟಿ ಅಲ್ವಾ?

ಕಾರು ಗಟ್ಟಿ, ನಿಜ. ಒಳಗೆ ಕೂತವರಿಗೆ ಅದು ಒಳ್ಳೆಯದೇ ಎನ್ನುವುದು ಬೇರೆ ಮಾತು.

ಎತ್ತರದಿಂದ ಬರುವ ಕ್ಯಾಚ್ ಹಿಡಿಯುವಾಗ ಕೈಯನ್ನು ಚೆಂಡಿನ ಜೊತೆ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಚೆಂಡಿನ ಸಂವೇಗ ಹೇಗೂ ಸೊನ್ನೆ ಆಗಲೇಬೇಕು. ಅದು ಹತ್ತು ಪಟ್ಟು ನಿಧಾನವಾಗಿ ಆದರೆ ಅಂಗೈಗೆ ಬೀಳುವ ಬಲ ಹತ್ತರಲ್ಲೊಂದು ಭಾಗ. ಹುಲ್ಲಿನ ಬಣವೆಯ ಮೇಲೆ ಹಾರಿದರೆ ಏನೂ ಆಗದಿರುವುದೂ, ಅದೇ ಎತ್ತರದಿಂದ ಚಪ್ಪಡಿ ಮೇಲೆ ಹಾರಿದರೆ ಕಾಲು ಮುರಿಯುವುದೂ ಇದರಿಂದಲೇ. ಬಣವೆ ತಗ್ಗುತ್ತದೆ. ಕಲ್ಲು ತಗ್ಗುವುದಿಲ್ಲ.

ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದ ಶುರುವಿನಲ್ಲಿ ಯೋಚಿಸಿದ್ದು ಇದನ್ನೇ. ಕಾರಿನ ಮೂತಿಯೂ ಬಾಲವೂ ಬಣವೆಯಂತೆ ತಗ್ಗಲಿ, ಜನ ಕೂರುವ ನಡುಭಾಗ ಮಾತ್ರ ಗಟ್ಟಿ ಪೆಟ್ಟಿಗೆಯಂತೆ ಉಳಿಯಲಿ. ಬಾನೆಟ್ ಮುದುಡುವಾಗ ಚಲನಶಕ್ತಿ ತಗಡನ್ನು ಬಗ್ಗಿಸುವುದರಲ್ಲಿ ಖರ್ಚಾಗುತ್ತದೆ. ಅದು ಅಲ್ಲಿ ಖರ್ಚಾಗದಿದ್ದರೆ ನಮ್ಮ ಪಕ್ಕೆಲುಬಿನಲ್ಲಿ ಖರ್ಚಾಗಬೇಕು.

ಅಂಕಿಯಲ್ಲಿ ನೋಡಿ. 60 ಕೆ.ಜಿ. ತೂಕದ ಮನುಷ್ಯ, ಗಂಟೆಗೆ 50 ಕಿ.ಮೀ. ವೇಗ. ಅವನ ಚಲನಶಕ್ತಿ ಸುಮಾರು 5,800 ಜೌಲ್. ಬೆಲ್ಟ್ ಹಾಕಿದ್ದಾನೆ. ಮೂತಿ ಮುದುಡುತ್ತಾ, ಬೆಲ್ಟ್ ಸ್ವಲ್ಪ ಸಡಿಲುತ್ತಾ, ಒಟ್ಟು 60 ಸೆಂಟಿಮೀಟರ್ ದೂರದಲ್ಲಿ ನಿಂತ ಎನ್ನಿ. ಆಗ ಅವನ ಮೇಲೆ ಬೀಳುವ ಬಲ ಸರಾಸರಿ ಒಂದು ಟನ್ ತೂಕದಷ್ಟು. ಕಡಿಮೆಯೇನಲ್ಲ, ಆದರೆ ಎದೆ, ಭುಜ, ಸೊಂಟದ ಮೇಲೆ ಹಂಚಿಹೋದರೆ ಮನುಷ್ಯ ತಡೆದುಕೊಳ್ಳುತ್ತಾನೆ. ಬೆಲ್ಟ್ ಇಲ್ಲದವನ ಕಥೆ ಬೇರೆ. ಕಾರು ಮುದುಡಿ ನಿಲ್ಲುವವರೆಗೂ ಅವನು 50ರಲ್ಲೇ ತೇಲುತ್ತಿರುತ್ತಾನೆ, ಬಸ್ಸಿನಲ್ಲಿ ನಿಂತವರ ಹಾಗೆ. ಆಮೇಲೆ ಡ್ಯಾಶ್‌ಬೋರ್ಡಿಗೆ ಬಡಿದು ಸುಮಾರು 5 ಸೆಂಟಿಮೀಟರಿನಲ್ಲಿ ನಿಂತರೆ ಬಲ ಹನ್ನೆರಡು ಟನ್ ತೂಕದಷ್ಟಾಗುತ್ತದೆ.

ಭುಜದಿಂದ ಸೊಂಟಕ್ಕೆ ಬರುವ ಈಗಿನ ಮೂರು ಬಿಂದುವಿನ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ. ಕಂಪನಿ ಆ ಪೇಟೆಂಟನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಏರ್‌ಬ್ಯಾಗ್ ಈ ಬೆಲ್ಟಿನ ಜೊತೆಗಾರ, ಬದಲಿ ಅಲ್ಲ. ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುವ ಆ ಚೀಲಕ್ಕೆ ಬೆಲ್ಟ್ ಇಲ್ಲದೆ ಮುಖವೊಡ್ಡಿದರೆ ಅದರಿಂದಲೇ ಗಾಯವಾಗಬಹುದು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತವರು ಮುಂದಿನ ಸೀಟನ್ನೂ ಅದರಲ್ಲಿ ಕೂತವರನ್ನೂ ಅದೇ ರಭಸದಲ್ಲಿ ಗುದ್ದುತ್ತಾರೆ. ಹಿಂದಿನವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ ಎನ್ನುವ ನಿಯಮದ ಹಿಂದಿರುವುದು ಇಷ್ಟೇ.

ಇನ್ನು ಮಡಿಲಿನ ಮಗು. "ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ" ಎನ್ನುತ್ತಾಳೆ ನನ್ನ ಅಕ್ಕ. ಮಗು 10 ಕೆ.ಜಿ. ಅದೇ 50ರ ವೇಗ, ಅದೇ 60 ಸೆಂಟಿಮೀಟರ್. ಮಗುವನ್ನು ಕೈಯಲ್ಲಿ ಉಳಿಸಿಕೊಳ್ಳಲು ಬೇಕಾದ ಬಲ ಸುಮಾರು 160 ಕೆ.ಜಿ. ತೂಕದಷ್ಟು. ಮೂರು ಅಕ್ಕಿ ಮೂಟೆಗಿಂತ ಜಾಸ್ತಿ, ಅದೂ ಏನಾಯಿತು ಎಂದು ಗೊತ್ತಾಗುವ ಮೊದಲೇ. ಎಂಥ ತಾಯಿಯ ಕೈಗೂ ಅದು ನಿಲ್ಲುವುದಿಲ್ಲ. ಮಕ್ಕಳ ಸೀಟಿಗೆ ಬೇರೆ ಕಾರಣ ಬೇಕಿಲ್ಲ.

ಲಾರಿ ಮತ್ತು ಕಾರು ಎದುರಾದಾಗ

ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಲಾರಿ ಕಾರನ್ನು ಎಷ್ಟು ಬಲದಿಂದ ತಳ್ಳುತ್ತದೋ ಕಾರೂ ಲಾರಿಯನ್ನು ಅಷ್ಟೇ ಬಲದಿಂದ ತಳ್ಳುತ್ತದೆ. ಕೇಳಿದವರಿಗೆ ನಗು ಬರುತ್ತದೆ. ಹಾಗಾದರೆ ಕಾರು ಮಾತ್ರ ಯಾಕೆ ಚಿಂದಿ?

1 ಟನ್ ಕಾರು, 25 ಟನ್ ಲಾರಿ, ಎರಡೂ 60ರಲ್ಲಿ ಮುಖಾಮುಖಿ ಗುದ್ದಿ ಒಂದಕ್ಕೊಂದು ಸಿಕ್ಕಿಕೊಂಡವು ಎನ್ನಿ. ಗುದ್ದುವಾಗ ಹೊರಗಿನ ಬಲ ಅಷ್ಟೇನೂ ಇಲ್ಲದಿದ್ದರೆ ಒಟ್ಟು ಸಂವೇಗ ಬದಲಾಗುವುದಿಲ್ಲ, ಕೈ ಮಾತ್ರ ಬದಲಾಗುತ್ತದೆ. ಲೆಕ್ಕ ಹಾಕಿದರೆ ಎರಡೂ ಸೇರಿ ಲಾರಿಯ ದಿಕ್ಕಿನಲ್ಲೇ 55ರಲ್ಲಿ ಮುಂದುವರಿಯುತ್ತವೆ. ಲಾರಿ ಕಳೆದುಕೊಂಡದ್ದು 5 ಕಿ.ಮೀ. ವೇಗ. ಕಾರು ಮುಂದಕ್ಕೆ 60ರಲ್ಲಿದ್ದದ್ದು ಹಿಂದಕ್ಕೆ 55ಕ್ಕೆ ಬಂತು, ಅಂದರೆ 115ರ ಬದಲಾವಣೆ. ಬಲ ಎರಡಕ್ಕೂ ಒಂದೇ, ಆದರೆ ಆ ಬಲ ಹಗುರದವನನ್ನು ಬಹಳ ಬೇಗ ಅಲುಗಾಡಿಸಿಬಿಡುತ್ತದೆ. ಬೈಕಿನವರ ಪಾಡು ಊಹಿಸಿಕೊಳ್ಳಿ. ಈ ಹೆದ್ದಾರಿಯ ಮುಖ್ಯ ಲೇನುಗಳಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟಾಗ ಬಹಳ ಜನ ಬೇಸರಪಟ್ಟರು. ವೇಗದಲ್ಲೂ ತೂಕದಲ್ಲೂ ಇಷ್ಟು ಅಂತರ ಇರುವ ವಾಹನಗಳು ಒಂದೇ ಲೇನಿನಲ್ಲಿ ಓಡಿದರೆ ಏನಾಗುತ್ತದೆ ಎನ್ನುವುದಕ್ಕೆ ಮೇಲಿನ ಲೆಕ್ಕ ನೋಡಬಹುದು.

ಘಟ್ಟದಲ್ಲಿ ಬಿಸಿಯಾಗುವ ಹಂಡೆ

ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಸುಟ್ಟ ವಾಸನೆ ಬರುವುದುಂಟು. ಶಕ್ತಿ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಪಾಠದಲ್ಲಿ ಓದಿದ್ದು ಮೂಗಿಗೆ ತಿಳಿಯುವ ಜಾಗ ಅದು.

ಎತ್ತರದಲ್ಲಿರುವ ವಸ್ತುವಿನಲ್ಲೂ ಶಕ್ತಿ ಕೂತಿರುತ್ತದೆ. 12 ಟನ್ ತೂಗುವ ತುಂಬಿದ ಬಸ್ಸು 500 ಮೀಟರ್ ಎತ್ತರ ಇಳಿಯಿತು ಎನ್ನಿ. ವೇಗ ಹೆಚ್ಚದ ಹಾಗೆ ಇಳಿಯಬೇಕಾದರೆ ಸುಮಾರು 5.9 ಕೋಟಿ ಜೌಲ್ ಶಕ್ತಿ ಬೇರೆ ಕಡೆ ಹೋಗಬೇಕು. ಅಷ್ಟರಲ್ಲಿ ಬಚ್ಚಲ ಹಂಡೆಗೆ ಹೊಯ್ದ 185 ಲೀಟರ್ ತಣ್ಣೀರನ್ನು ಕುದಿಸಬಹುದು. ಸ್ವಲ್ಪ ಭಾಗ ಗಾಳಿಗೆ, ಟೈರಿಗೆ ಹೋಗುತ್ತದೆ. ಉಳಿದದ್ದನ್ನೆಲ್ಲ ಬ್ರೇಕೇ ನುಂಗಬೇಕಾದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಾರಿನಲ್ಲಾದರೆ ಬ್ರೇಕ್ ಎಣ್ಣೆ ಕುದಿದು ಪೆಡಲ್ ಸುಮ್ನೆ ಒಳಕ್ಕೆ ಹೋಗುವುದೂ ಉಂಟು. ಘಟ್ಟದಲ್ಲಿ "ಬ್ರೇಕ್ ಫೇಲ್" ಎಂದು ಕೇಳುವುದರಲ್ಲಿ ಇಂಥವೂ ಇರುತ್ತವೆ.

ನಮ್ಮ ಮೆಟ್ರೊ ರೈಲು ಈ ಶಕ್ತಿಯನ್ನು ಪೂರ್ತಿ ಬಿಸಿಯಾಗಿ ಪೋಲು ಮಾಡುವುದಿಲ್ಲ. ನಿಲ್ದಾಣ ಬಂದಾಗ ಅದರ ಮೋಟರೇ ಜನರೇಟರ್ ಆಗಿ, ಚಲನಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿ ವಾಪಸ್ ಕೊಡುತ್ತದೆ. ಹಲವು ಎಲೆಕ್ಟ್ರಿಕ್ ಸ್ಕೂಟರ್, ಬಸ್ಸುಗಳೂ ಹೀಗೇ.

ಡೀಸೆಲ್, ಪೆಟ್ರೋಲ್ ವಾಹನಕ್ಕೆ ಆ ಭಾಗ್ಯವಿಲ್ಲ. ಅದಕ್ಕಿರುವ ದಾರಿ ಕೆಳಗಿನ ಗೇರು. ಎರಡನೇ ಗೇರಿನಲ್ಲಿ ಇಳಿದರೆ ಚಕ್ರ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ತಿರುಗಾಟದಲ್ಲಿ ಶಕ್ತಿಯ ದೊಡ್ಡ ಪಾಲು ಖರ್ಚಾಗಿ ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಭಾವ ಮಾತ್ರ ಡೀಸೆಲ್ ಉಳಿಸಲು ಘಟ್ಟದಲ್ಲಿ ನ್ಯೂಟ್ರಲ್ ಹಾಕುತ್ತಾರೆ. ಕಂಪ್ಯೂಟರ್ ಇರುವ ಈಗಿನ ಎಂಜಿನ್ನುಗಳಲ್ಲಿ ಗೇರ್ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಸಾಮಾನ್ಯವಾಗಿ ಪೂರ್ತಿ ನಿಂತುಹೋಗುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಕುಡಿಯಲೇಬೇಕು. ಭಾವ ಇಷ್ಟು ವರ್ಷ ಉಳಿಸಿದ್ದು ಬ್ರೇಕನ್ನೂ ಅಲ್ಲ, ಡೀಸೆಲ್ಲನ್ನೂ ಅಲ್ಲ.